ಮೇಸ್ತ್ರಿಯವರ ಬಾಯೊಳಗಿನ ಸ್ಕ್ರೂ

ಕಳೆದುಹೋದ ವಸ್ತು ಕಡಲೆಬೇಳೆಗಿಂತ ದೊಡ್ಡದಿರಲಿಲ್ಲ. ಆದರೂ ಅದಕ್ಕಾಗಿ ಮರಗೆಲಸದ ಶೆಡ್ಡಿನಲ್ಲಿ ಗರಗಸದ ಯಂತ್ರ ನಿಂತಿತು, ಎದುರಿನ ಟೈಲರ್ ಅರ್ಧ ಹೊಲಿದ ಪ್ಯಾಂಟನ್ನು ಬಿಟ್ಟು ಓಡಿಬಂದ, ಶೆಡ್ಡಿನ ಯಜಮಾನಿಯಮ್ಮ ತಮ್ಮ ಎರಡು ಕನ್ನಡಕವನ್ನೂ ಒಂದರ ಮೇಲೊಂದು ಹಾಕಿಕೊಂಡು ನೆಲದ ಮೇಲೆ ಮಂಡಿಯೂರಿದರು. ಕಳೆದುಕೊಂಡವರು ಬಡಗಿ ಮೇಸ್ತ್ರಿಯವರು. ಕಳೆದದ್ದು ಅವರ ಬಾಯಿಯಿಂದ.

ಮೇಸ್ತ್ರಿಯವರಿಗೆ ದೇವರು ಕೊಟ್ಟದ್ದು ಎರಡೇ ಕೈ. ಮೂರನೆಯದನ್ನು ಅವರೇ ಮಾಡಿಕೊಂಡಿದ್ದರು, ಅದು ಬಾಯಿ. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದಾಗ ಸ್ಕ್ರೂಗಳೆಲ್ಲ ಬಾಯಲ್ಲಿರುತ್ತಿದ್ದವು. ಬೇಕಾದಾಗ ನಾಲಿಗೆ ಒಂದೊಂದನ್ನೇ ಹೊರಳಿಸಿ, ತಲೆ ಮುಂದಾಗಿ ತುಟಿಗೆ ತಂದು ಒಪ್ಪಿಸುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಸಲವೂ ಅದು ಸ್ಕ್ರೂವನ್ನು ತಿರುಗಾಮುರುಗಾ ಕೊಟ್ಟದ್ದಿಲ್ಲ. ಅಂಥ ಬಾಯಿಯನ್ನು ನಂಬಿ, ಎರಡು ವರ್ಷದ ಹಿಂದೆ ಹಲಗೆಯಲ್ಲಿ ಕಚ್ಚಿಕೊಂಡಿದ್ದ ಮೊಳೆಯೊಂದನ್ನು ಹಲ್ಲಿನಲ್ಲೇ ಎಳೆಯಲು ಹೋದರು. ಮೊಳೆ ಅಲ್ಲೇ ಉಳಿಯಿತು, ಬಲಗಡೆಯ ಕೋರೆಹಲ್ಲಿನ ಪಕ್ಕದ ಹಲ್ಲು ಹೋಯಿತು.

ಹೋದದ್ದು ಹಲ್ಲಷ್ಟೇ ಆಗಿದ್ದರೆ ಮೇಸ್ತ್ರಿಯವರು ಚಿಂತಿಸುತ್ತಿರಲಿಲ್ಲ. ಅವರ ನಗು ಇಡೀ ಬೀದಿಗೆ ಗೊತ್ತು. ಅವರು ನಕ್ಕರೆ ಟೈಲರ್ ಅಂಗಡಿಯ ಗಾಜು ಅದುರುತ್ತಿತ್ತು. ಹಲ್ಲು ಹೋದ ಮೇಲೆ ತೆಗೆದು ಹಾಕುವಂಥ ಕಟ್ಟುಹಲ್ಲೊಂದನ್ನು ಮಾಡಿಸಿಕೊಂಡರು. ಒಂದು ದಿನ ಯಾವುದೋ ತಮಾಷೆಗೆ ಬಾಯಿಬಿಟ್ಟು ನಕ್ಕಾಗ ಅದು ಹಾರಿ ನೇರವಾಗಿ ವಾರ್ನಿಶ್ ಡಬ್ಬಿಗೆ ಬಿತ್ತು. ಹೊರತೆಗೆದಾಗ ತೇಗದ ಬಣ್ಣ. ಶೆಡ್ಡಿನವರು ಒಂದು ವಾರ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗದವರು ಮೇಸ್ತ್ರಿಯವರೊಬ್ಬರೇ. ಅಂದಿನಿಂದ ನಗು ಬಂದರೆ ಬಲಗೈ ತಾನಾಗಿ ಎದ್ದು ಬಾಯಿಗೆ ಅಡ್ಡ ಬರುತ್ತಿತ್ತು. ಕೈ ಅಡ್ಡ ಹಿಡಿದು ನಕ್ಕ ನಗು ಕೆಮ್ಮಿನ ಹಾಗೆ ಕೇಳಿಸುತ್ತದೆ. ಮನೆಯಾಕೆ ಒಂದು ಸಂಜೆ, "ರೀ, ನಿಮ್ಮ ನಗು ಕೇಳಿ ಎಷ್ಟು ದಿನ ಆಯ್ತು" ಎಂದಳು. ಮರುದಿನವೇ ಮೇಸ್ತ್ರಿಯವರು ಹಲ್ಲಿನ ಡಾಕ್ಟರಮ್ಮನ ಬಾಗಿಲು ತಟ್ಟಿದರು.

ಡಾಕ್ಟರಮ್ಮ ಸಣ್ಣ ಆಳು, ದೊಡ್ಡ ಕನ್ನಡಕ. ಮೊದಲು ಪ್ರಶ್ನೆಗಳ ಮಳೆ ಸುರಿಸಿದರು. ಸಕ್ಕರೆ ಕಾಯಿಲೆ ಉಂಟೇ? ಹೊಗೆ ಸೇದುತ್ತೀರಾ? ಯಾವ ಮಾತ್ರೆ ನುಂಗುತ್ತೀರಿ? "ಹಲ್ಲು ಹಾಕೋಕೆ ಇಷ್ಟೆಲ್ಲ ಯಾಕಮ್ಮ?" ಎಂದು ಮೇಸ್ತ್ರಿಯವರು ಕೇಳಿದರು. "ಮರ ನೋಡದೆ ನೀವು ಉಳಿ ಇಡ್ತೀರಾ?" ಎಂದರು ಆಕೆ. ಆ ಒಂದು ಮಾತಿಗೆ ಮೇಸ್ತ್ರಿಯವರು ಅವರ ಶಿಷ್ಯರಾಗಿಬಿಟ್ಟರು. ಹೊಗೆಯನ್ನು ಅವತ್ತೇ ಬಿಟ್ಟರು. ಎಲುಬಿನ ಚಿತ್ರ ತೆಗೆಸಿ, ಅಳತೆ ನೋಡಿ, ಇನ್ನೊಂದು ದಿನ ಒಸಡು ಮರಗಟ್ಟಿಸಿ ದವಡೆಯ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿದರು. ಮೇಲೊಂದು ಪುಟ್ಟ ಮುಚ್ಚಳ ತಿರುಗಿಸಿದರು.

"ಹಲ್ಲನ್ನ ಭದ್ರ ಮಾಡೋದು ನಾನಲ್ಲ, ನಿಮ್ಮ ಎಲುಬು" ಎಂದರು ಡಾಕ್ಟರಮ್ಮ. "ಅದು ಈ ಸ್ಕ್ರೂ ಸುತ್ತ ಬೆಳೆದು ಹಿಡ್ಕೋಬೇಕು. ನಾಲ್ಕು ತಿಂಗಳು ಬೇಕು. ಅಲ್ಲೀವರೆಗೆ ಎಡಗಡೆಯೇ ಅಗಿಯಿರಿ, ಮೆತ್ತಗಿರೋದು ತಿನ್ನಿ, ಬಾಯಿ ಚೊಕ್ಕಟ ಇಡಿ. ಬೆರಳು ಹಾಕಬೇಡಿ, ನಾಲಿಗೆಯಲ್ಲಿ ಮುಟ್ಟಬೇಡಿ. ಆಮೇಲೆ ಅದರ ಮೇಲೆ ಹಲ್ಲು. ಆಮೇಲೆ ಎಷ್ಟು ಬೇಕಾದ್ರೂ ನಗಿ."

ಆಮೇಲೆ ಎಕ್ಸ್-ರೇ ತೋರಿಸಿದರು. ಮೇಸ್ತ್ರಿಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತನ್ನದೇ ದವಡೆಯೊಳಗೆ ಒಂದು ಸ್ಕ್ರೂ! ಮೈಸುತ್ತಲಿನ ತಿರುಪಿನ ಎಳೆಗಳು ಎಷ್ಟು ಸಣ್ಣ, ಎಷ್ಟು ಸಮ! ತೂಗುಗುಂಡು ಬಿಟ್ಟು ನೋಡಿದ ಹಾಗೆ ನೆಟ್ಟಗೆ ನಿಂತಿದೆ. ಜೀವಮಾನದಲ್ಲಿ ಲಕ್ಷಗಟ್ಟಲೆ ಸ್ಕ್ರೂ ಬಿಗಿದ ಕೈ ಆ ಎಕ್ಸ್-ರೇಗೆ ತಾನಾಗಿ ಮುಗಿಯಿತು.

ಮರುದಿನದಿಂದ ಶೆಡ್ಡಿನಲ್ಲಿ ಇದೇ ಪುರಾಣ. "ಮರಕ್ಕೆ ಹಾಕಿದ ಸ್ಕ್ರೂ ವರ್ಷ ಕಳೆದ ಹಾಗೆ ಸಡಿಲ ಆಗತ್ತೆ. ಎಲುಬಿಗೆ ಹಾಕಿದ್ದು ದಿನ ಕಳೆದ ಹಾಗೆ ಬಿಗಿ ಆಗತ್ತಂತೆ! ಯಾಕೆ ಹೇಳು? ಮರ ಸತ್ತಿದೆ, ಎಲುಬು ಬದುಕಿದೆ. ಬದುಕಿರೋದು ಕಬ್ಬಿಣವನ್ನೂ ತನ್ನದು ಅಂತ ಅಪ್ಪಿಕೊಳ್ಳತ್ತೆ ಕಣಯ್ಯ!" ಹೇಳುವಾಗ ಅವರ ಕಣ್ಣು ತುಂಬಿಬರುತ್ತಿತ್ತು. ಗರಗಸ ನಡೆಸುವವನಿಗೆ ಗರಗಸದಣ್ಣ ಎಂದು ಹೆಸರು. ಅವನು ಇದನ್ನು ಇಪ್ಪತ್ತು ದಿನದಲ್ಲಿ ಇಪ್ಪತ್ತು ಸಲ ಕೇಳಿದ್ದ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮೇಸ್ತ್ರಿಯವರು ಬೆಂಚಿನ ಮೇಲೆ ಕೂತು, ಹಳೆಯ ತಗಡಿನ ಡಬ್ಬಿ ತೆರೆದು, ಮನೆಯಾಕೆ ಮೆತ್ತಗೆ ಬೇಯಿಸಿ ಕಳಿಸಿದ್ದ ಅನ್ನವನ್ನು ಎಡಗಡೆಯಲ್ಲೇ ಶ್ರದ್ಧೆಯಿಂದ ಅಗಿಯುತ್ತಿದ್ದರು. ಅರ್ಧ ಊಟವಾಗಿತ್ತು, ಅಷ್ಟರಲ್ಲಿ ಯಜಮಾನಿಯಮ್ಮನ ಕೂಗು.

"ಮೇಸ್ತ್ರಿಗಳೇ, ಬೀರು ತಗೊಂಡು ಹೋಗೋಕೆ ಗಾಡಿ ಬಂದುಬಿಟ್ಟಿದೆ! ಬಾಗಿಲೇ ಕೂರಿಸಿಲ್ಲವಲ್ರೀ!"

ಮೇಸ್ತ್ರಿಯವರು ತುಂಬಿದ ಬಾಯಲ್ಲೇ "ಬಂದೆ!" ಎಂದು ನಾಲ್ಕು ಅಗುಳು ಡಬ್ಬಿಗೆ ಉದುರಿಸಿ, ಡಬ್ಬಿ ಮುಚ್ಚಿ ಎದ್ದರು. ಎಡಗೈಯಲ್ಲಿ ಬಾಗಿಲು, ಬಲಗೈಯಲ್ಲಿ ಸ್ಕ್ರೂಡ್ರೈವರ್. ಸ್ಕ್ರೂ ಎಲ್ಲಿಡುವುದು? ಇಪ್ಪತ್ತು ದಿನದಿಂದ ಸ್ಕ್ರೂಗಳನ್ನು ಬಾಯಿಗೆ ತೋರಿಸದೆ ಜೇಬಿನಲ್ಲಿಟ್ಟುಕೊಂಡಿದ್ದವರು ಆ ಗಡಿಬಿಡಿಯಲ್ಲಿ ಮೂರನ್ನು ಬಾಯಿಗೆ ಎಸೆದುಕೊಂಡರು. ಮೂರೂ ಒಂದೊಂದಾಗಿ ಹೊರಬಂದು ಕೀಲಿನಲ್ಲಿ ಕೂತವು, ಬೀರು ಗಾಡಿ ಹತ್ತಿತು. ಮೇಸ್ತ್ರಿಯವರು ಹಣೆ ಒರೆಸಿಕೊಂಡು ನಾಲಿಗೆಯನ್ನು ಸುಮ್ಮನೆ ಬಲಗಡೆ ಹೊರಳಿಸಿದರು.

ಅಲ್ಲಿ ಮುಚ್ಚಳ ಇರಲಿಲ್ಲ. ಒಂದು ತೂತಿತ್ತು.

"ಹೋಯ್ತು!" ಎಂದರು ಮೇಸ್ತ್ರಿಯವರು. "ಸ್ಕ್ರೂನೇ ಕಿತ್ತುಬಂತು!"

"ಎಲ್ಲಿ ಬಿತ್ತು?" ಎಂದ ಗರಗಸದಣ್ಣ, ಯಂತ್ರ ಆರಿಸುತ್ತ.

"ಇಲ್ಲೇ. ಬಾಗಿಲು ಕೂರಿಸುವಾಗ. ಆ ಮೂರರ ಜೊತೆ ಇದೂ ಈಚೆ ಬಂದಿರಬೇಕು."

ಮೇಸ್ತ್ರಿಯವರು, ಗರಗಸದಣ್ಣ, ಯಜಮಾನಿಯಮ್ಮ, ಬೀರುಗಳಿಗೆ ಪಾಲಿಶ್ ಹಚ್ಚುವವನು, ನಾಲ್ವರೂ ನೆಲ ನೋಡಿದರು. ನೆಲ ಕಾಣಿಸಲಿಲ್ಲ. ಕಾಣಿಸಿದ್ದು ಅಡಿಯಾಳದ ಮರದ ಹೊಟ್ಟು, ಅದರೊಳಗೆ ವರ್ಷಗಟ್ಟಲೆ ಉದುರಿದ ಸ್ಕ್ರೂ, ಮೊಳೆ, ಆಣಿಗಳ ಸಂಸಾರ. ಮೇಸ್ತ್ರಿಯವರು ಡಾಕ್ಟರಮ್ಮನಿಗೆ ಫೋನು ಮಾಡಿದರು. ಗಂಟೆ ಎರಡು, ಆಸ್ಪತ್ರೆ ತೆಗೆಯುವುದು ನಾಲ್ಕಕ್ಕೆ. ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು.

"ಬೇಗ ಹುಡುಕಬೇಕಣ್ಣ" ಎಂದ ಪಾಲಿಶ್‌ನವನು. "ಒಸಡು ಒಂದೇ ದಿನದಲ್ಲಿ ಮುಚ್ಚಿಕೊಂಡುಬಿಡತ್ತಂತೆ. ಆಮೇಲೆ ಮತ್ತೆ ಕೊಯ್ಯಬೇಕು. ನಮ್ಮ ಭಾವನಿಗೆ ಹಾಗೇ ಆಗಿತ್ತು."

"ನಿಮ್ಮ ಭಾವನಿಗೂ ಇದೇ ಹಾಕಿದ್ರಾ?" ಎಂದರು ಯಜಮಾನಿಯಮ್ಮ.

"ಇಲ್ಲ, ಅವನಿಗೆ ಕಿವಿ ಚುಚ್ಚಿಸಿದ್ದು."

ಅಷ್ಟರಲ್ಲಿ ಗಲಾಟೆ ಕೇಳಿ ಟೈಲರ್ ಬಂದ. ವಿಷಯ ತಿಳಿದು, ಸೇನಾಪತಿಯ ಹಾಗೆ ಕೈ ಎತ್ತಿದ. "ಯಾರೂ ಕಾಲು ಎತ್ತಬೇಡಿ! ನನ್ನ ಅಂಗಡೀಲಿ ಸೂಜಿ ಬಿದ್ರೆ ನಾನು ಹುಡುಕ್ತೀನಾ? ಇಲ್ಲ. ಅದೇ ನನ್ನ ಹತ್ರ ಬರತ್ತೆ." ಓಡಿಹೋಗಿ ಲಾಳದ ಆಕಾರದ ದೊಡ್ಡ ಅಯಸ್ಕಾಂತ ತಂದ.

ಶುರುವಾಯಿತು ಬೇಟೆ. ಟೈಲರ್ ಹೊಟ್ಟಿನ ಮೇಲೆ ಅಯಸ್ಕಾಂತ ಎಳೆಯುವುದು, ಪಾಲಿಶ್‌ನವನು ಅಂಟಿದ್ದನ್ನು ಕಿತ್ತು ತಟ್ಟೆಗೆ ಹಾಕುವುದು, ಯಜಮಾನಿಯಮ್ಮ ಎರಡು ಕನ್ನಡಕದಲ್ಲಿ ಒಂದೊಂದನ್ನೂ ಪರೀಕ್ಷಿಸುವುದು. ಹತ್ತು ನಿಮಿಷದಲ್ಲಿ ಒಂದು ಸೇರು ಮೊಳೆ ಬಂತು. ಹೋದ ವರ್ಷ ಕಳೆದಿದ್ದ ಉಳಿಯ ಅಲಗು ಬಂತು. ಅದಕ್ಕಾಗಿ ಪಾಲಿಶ್‌ನವನ ಮೇಲೆ ಹಾರಾಡಿದ್ದ ಗರಗಸದಣ್ಣ ಈಗ ಗೋಡೆ ನೋಡಿದ. ಪ್ರತಿ ಸಲ ಹೊಳೆಯುವಂಥದ್ದು ಅಂಟಿದಾಗಲೂ ಐದು ತಲೆ ಢೀ ಹೊಡೆದುಕೊಳ್ಳುತ್ತಿದ್ದವು. "ಇದೇನಾ?" "ಅಲ್ಲ." "ಇದು?" "ಅದು ಬೀಗದ್ದು."

ಬೆಂಚಿನ ಹತ್ತಿರ ಅಯಸ್ಕಾಂತ ಠಪ್ಪೆಂದು ಜೋರಾಗಿ ಅಂಟಿತು. "ಸಿಕ್ತು!" ಎಂದು ಟೈಲರ್ ಕಿರುಚಿದ. ಎಲ್ಲರೂ ಮುತ್ತಿಕೊಂಡರು. ಅಂಟಿದ್ದು ಮೇಸ್ತ್ರಿಯವರ ಊಟದ ಡಬ್ಬಿಗೆ.

"ಥೂ, ಇದೊಂದು ಅಡ್ಡ" ಎಂದು ಟೈಲರ್ ಡಬ್ಬಿಯನ್ನು ಕಿತ್ತು ಕಿಟಕಿಯ ಮೇಲಿಟ್ಟು ಮುಂದೆ ಹೋದ.

ಮೂರು ಗಂಟೆಗೆ ಗರಗಸದಣ್ಣನಿಗೆ ಹೊಸ ಯೋಚನೆ ಹೊಳೆಯಿತು. ಅವನಿಗೆ ಯೋಚನೆ ಹೊಳೆದಾಗಲೆಲ್ಲ ಯಾರಿಗಾದರೂ ಪೆಟ್ಟು ಬೀಳುವುದುಂಟು. "ಮೇಸ್ತ್ರಿ, ನೆಲದಲ್ಲಿಲ್ಲ ಅಂದ್ರೆ ನೀವು ನುಂಗಿದ್ದೀರಿ."

ಮೇಸ್ತ್ರಿಯವರ ಮುಖ ಬಿಳಿಚಿತು. ಉತ್ತರ ಹೇಳುವ ಮೊದಲೇ ಅವರನ್ನು ಬೆಂಚಿನ ಮೇಲೆ ಮಲಗಿಸಿದ್ದಾಯಿತು. ಟೈಲರ್ ಉಸಿರು ಬಿಗಿಹಿಡಿದು ಅಯಸ್ಕಾಂತವನ್ನು ಅವರ ಎದೆಯಿಂದ ಕೆಳಗೆ ಮೆಲ್ಲಗೆ ಇಳಿಸಿದ. ಹೊಕ್ಕುಳಿನ ಕೆಳಗೆ ಬಂದದ್ದೇ ಠಕ್ ಎಂದು ಕಚ್ಚಿಕೊಂಡಿತು.

"ಅಯ್ಯೋ, ಇಲ್ಲಿದೆ!"

"ಅದು ನನ್ನ ಬೆಲ್ಟು ಕಣಯ್ಯ!" ಎಂದರು ಮೇಸ್ತ್ರಿಯವರು, ಅಳು ನಗು ಎರಡೂ ಒಟ್ಟಿಗೆ ಬಂದು. ಬಲಗೈ ಅಭ್ಯಾಸದಂತೆ ಬಾಯಿಗೆ ಅಡ್ಡ ಬಂತು. ಇನ್ನು ಜೀವಮಾನವಿಡೀ ಹೀಗೇ ಕೆಮ್ಮುವುದೇ?

ಎದ್ದು ಮೂಲೆಗೆ ಹೋದರು. ಅಲ್ಲಿ ಕೈಗನ್ನಡಿಯೊಂದು ನೇತಾಡುತ್ತಿತ್ತು. ಬಾಯಿ ಅಗಲಿಸಿ ನೋಡಿದರು: ಗುಲಾಬಿ ಒಸಡಿನ ನಡುವೆ ಒಂದು ದುಂಡನೆಯ ತೂತು, ಒಳಗೆ ಏನೋ ಮಿಣಕ್ ಎಂದು ಹೊಳೆಯಿತು. ಪಾಲಿಶ್‌ನವನು ಹಿಂದೆಯೇ ಬಂದು ಅಂಗೈ ಚಾಚಿದ. ಗಡಿಯಾರದ ಪೆಟ್ಟಿಗೆಗೆ ಹಾಕುವ ಅತಿ ಚಿಕ್ಕ ಹಿತ್ತಾಳೆ ಸ್ಕ್ರೂ. "ಅಣ್ಣ, ಸೈಜು ಇದೇ ಅನ್ಸತ್ತೆ. ಸುಮ್ನೆ ಎರಡು ಸುತ್ತು ತಿರುಗಿಸಿ. ಒಸಡು ಮುಚ್ಚೋದಾದ್ರೂ ತಪ್ಪತ್ತೆ. ಬೇಕಾದ್ರೆ ಒಂದು ತೊಟ್ಟು ಫೆವಿ ಗೋಂದೂ ಹಾಕೋಣ."

ಮೇಸ್ತ್ರಿಯವರು ಸ್ಕ್ರೂ ತೆಗೆದುಕೊಂಡರು. ಕೈಯಲ್ಲಿ ಸ್ಕ್ರೂ, ಮುಂದೆ ತೂತು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಬೆರಳು ಬಾಯಿಯವರೆಗೆ ಹೋಯಿತು. ಅಲ್ಲಿಗೆ ನಿಂತಿತು. ಮರವಾಗಿದ್ದರೆ ಕೈ ಹಿಂಜರಿಯುತ್ತಿರಲಿಲ್ಲ. ಇದು ಬದುಕಿರುವಂಥದ್ದು. ಇಪ್ಪತ್ತೊಂದು ದಿನದಿಂದ ಹಗಲೂ ರಾತ್ರಿ ತನಗೆ ತಿಳಿಯದ ಹಾಗೆ ಒಳಗೆ ಕೆಲಸ ಮಾಡುತ್ತಿದ್ದ ಎಲುಬು. ಅದರ ಕೆಲಸದಲ್ಲಿ ಕೈಹಾಕಲು ತಾನು ಯಾರು? ಸ್ಕ್ರೂ ವಾಪಸು ಕೊಟ್ಟುಬಿಟ್ಟರು.

"ಬೇಡಪ್ಪ. ಅವರವರ ಉಳಿ ಅವರವರ ಕೈಯಲ್ಲಿರಬೇಕು."

ನಾಲ್ಕಕ್ಕೆ ಐದು ನಿಮಿಷವಿರುವಾಗ ಹೊರಟರು. ಯಜಮಾನಿಯಮ್ಮ ಹಿಂದಿನಿಂದ ಓಡಿಬಂದು, "ಡಬ್ಬಿ ಮರೆತಿರಲ್ಲ! ನಿಮ್ಮನೆಯವರು ನನ್ನ ಬೈತಾರೆ" ಎಂದು ಕೈಗೆ ತುರುಕಿದರು. ಮೇಸ್ತ್ರಿಯವರು ಅದನ್ನು ಎದೆಗವಚಿಕೊಂಡು, ದಾರಿಯುದ್ದಕ್ಕೂ ಬಾಯಿ ಬಿಗಿಯಾಗಿ ಮುಚ್ಚಿ, ಸಾವಿನ ಮನೆಗೆ ಹೋಗುವವರ ಹಾಗೆ ನಡೆದರು.

ಡಾಕ್ಟರಮ್ಮ ದೀಪ ಎಳೆದು ಬಾಯಿಯೊಳಗೆ ಇಣುಕಿದರು. ಮೇಸ್ತ್ರಿಯವರು ಕಣ್ಣು ಮುಚ್ಚಿಕೊಂಡರು. ಪುಟ್ಟ ಕನ್ನಡಿಯ ಹಿಡಿಯಿಂದ ಆಕೆ ಒಳಗೆ ಮೆಲ್ಲಗೆ ತಟ್ಟಿದರು.

ಟಿಣ್.

ಮೇಸ್ತ್ರಿಯವರ ಕಣ್ಣು ಫಕ್ಕನೆ ತೆರೆಯಿತು. ಸಡಿಲವಾಗಿ ಕೂತದ್ದು ಎಂದೂ ಹಾಗೆ ನುಡಿಯುವುದಿಲ್ಲ. ಕಲ್ಲುಕಂಬಕ್ಕೆ ತಟ್ಟಿದ ಸದ್ದು ಅದು, ಅದು ತನ್ನ ತಲೆಯೊಳಗಿಂದ ಬಂದಿತ್ತು! ಮೈ ಜುಮ್ಮೆಂದಿತು.

"ಸ್ಕ್ರೂ ಎಲ್ಲೂ ಹೋಗಿಲ್ಲ, ಬಂಡೆ ಹಾಗೆ ಕೂತಿದೆ" ಎಂದರು ಡಾಕ್ಟರಮ್ಮ. "ಬಿದ್ದಿರೋದು ಬರೀ ಮುಚ್ಚಳ. ಇವತ್ತೇ ಬಂದಿದ್ದು ಒಳ್ಳೇದಾಯ್ತು. ನೀವೇ ಏನಾದ್ರೂ ತಿರುಗಿಸೋಕೆ ಹೋಗಿಲ್ಲ ತಾನೇ?"

"ಇಲ್ಲಮ್ಮ. ಬರೀ ಹುಡುಕಿದ್ವಿ. ಅಯಸ್ಕಾಂತ ಹಿಡಿದು ಎರಡು ಗಂಟೆ."

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು. "ಟೈಟಾನಿಯಂ ಅಯಸ್ಕಾಂತಕ್ಕೆ ಅಂಟೋದೇ ಇಲ್ಲ ಮೇಸ್ತ್ರಿಗಳೇ! ಎರಡು ವರ್ಷ ಹುಡುಕಿದ್ರೂ ಸಿಗ್ತಿರಲಿಲ್ಲ." ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದರು, "ಅಲ್ಲ, ನಾನು ಬಿಗಿದ ಮುಚ್ಚಳ ತಾನಾಗಿ ಹೇಗೆ ಬಿಚ್ಚಿಕೊಳ್ತು? ಬಾಯಲ್ಲಿ ಏನಾದ್ರೂ ಇಟ್ಕೊಳ್ಳೋ ಅಭ್ಯಾಸ ಇದೆಯಾ?"

ಮೇಸ್ತ್ರಿಯವರು ತಲೆ ತಗ್ಗಿಸಿ ಮೂರನೇ ಕೈಯ ಕತೆಯನ್ನೆಲ್ಲ ಒಪ್ಪಿಸಿದರು. ಡಾಕ್ಟರಮ್ಮ ಬಾಯಿ ತೆರೆದು ಕೇಳಿದರು. ಆಮೇಲೆ ನಿಧಾನವಾಗಿ, "ನಾಲಿಗೆ ಚಾಚಿ" ಎಂದರು. ನಾಲಿಗೆಯನ್ನು ಅಪರೂಪದ ಹತ್ಯಾರಿನ ಹಾಗೆ ಆ ಕಡೆ ಈ ಕಡೆ ನೋಡಿದರು.

"ಇದೇ ಕಳ್ಳ. ಮೂವತ್ತು ವರ್ಷ ಬಾಯಲ್ಲಿ ಸ್ಕ್ರೂ ಸಿಕ್ಕಿದ್ರೆ ತಿರುಗಿಸಿ ಹೊರಗೆ ಕೊಟ್ಟು ರೂಢಿ. ನಾನೊಂದು ಸ್ಕ್ರೂ ಇಟ್ಟೆ. ನೀವು ಮಲಗಿದ್ದಾಗ, ಕೂತಿದ್ದಾಗ, ನಿಮಗೇ ಗೊತ್ತಿಲ್ಲದ ಹಾಗೆ ಈ ನಾಲಿಗೆ ಅದರ ಮುಚ್ಚಳವನ್ನ ದಿನಾ ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಇಪ್ಪತ್ತು ವರ್ಷದಿಂದ ಹಲ್ಲು ನೋಡ್ತಿದ್ದೀನಿ, ಇಂಥ ನಾಲಿಗೆ ನೋಡಿಲ್ಲ!"

ಮೇಸ್ತ್ರಿಯವರಿಗೆ ನಾಚಿಕೆಯಾಗಬೇಕೋ ಹೆಮ್ಮೆಪಡಬೇಕೋ ತಿಳಿಯಲಿಲ್ಲ. ಸ್ವಲ್ಪ ಸ್ವಲ್ಪ ಎರಡೂ ಆಯಿತು.

ಡಾಕ್ಟರಮ್ಮ ಹೊಸ ಮುಚ್ಚಳ ತೆಗೆದರು. ಹೆಬ್ಬೆರಳುದ್ದದ ಪುಟ್ಟ ಸ್ಕ್ರೂಡ್ರೈವರ್‌ಗೆ ದಾರ ಕಟ್ಟಿದರು, ಕೈ ಜಾರಿದರೂ ಗಂಟಲಿಗೆ ಇಳಿಯಬಾರದೆಂದು. ಎರಡೇ ಬೆರಳಲ್ಲಿ ತಿರುಗಿಸಿದರು. ಅವಸರವಿಲ್ಲ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಮೇಸ್ತ್ರಿಯವರು ರೆಪ್ಪೆ ಬಡಿಯದೆ ಆ ಬೆರಳುಗಳನ್ನೇ ನೋಡಿದರು. ಇಂಥ ಕೈಯನ್ನು ಅವರು ತಮ್ಮ ಗುರುವಿನಲ್ಲಿ ಮಾತ್ರ ಕಂಡಿದ್ದರು.

"ಇನ್ನು ನಾಲಿಗೆಗೆ ಕಡಿವಾಣ. ಎಡಗಡೆಯೇ ಅಗಿಯಿರಿ, ಮರೀಬೇಡಿ. ಹಳೇ ಮುಚ್ಚಳ ಅಕಸ್ಮಾತ್ ಸಿಕ್ಕಿದ್ರೆ ತಂದುಕೊಡಿ" ಎಂದರು ಡಾಕ್ಟರಮ್ಮ.

ಹೋದ ಜೀವ ಬಂದಂತಾಗಿ ಮೇಸ್ತ್ರಿಯವರು ಮನೆ ಸೇರಿದರು. ಮನೆಯಾಕೆ ಬಾಗಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಟೈಲರ್ ಬಾಯಿಂದ ಹೊರಟು, ಮೇಸ್ತ್ರಿಯವರು ಹಲ್ಲು ನುಂಗಿ ಪ್ರಜ್ಞೆ ತಪ್ಪಿದರು ಎಂಬ ರೂಪದಲ್ಲಿ ಅವಳನ್ನು ಮುಟ್ಟಿತ್ತು.

"ಏನೂ ಆಗಿಲ್ಲ ಕಣೇ! ಬಂಡೆ ಹಾಗೆ ಕೂತಿದೆ. ಟಿಣ್ ಅಂತು. ನೀನು ಕೇಳಬೇಕಿತ್ತು!" ಎಂದರು ಮೇಸ್ತ್ರಿಯವರು. ಆಗ ಹಸಿವು ನೆನಪಾಯಿತು.

"ಬಿಸಿ ಅಡಿಗೆ ಮಾಡಿದ್ದೀನಿ, ಬನ್ನಿ."

"ಮೊದಲು ಡಬ್ಬೀಲಿರೋದು. ಅನ್ನ ಚೆಲ್ಲೋದು ನನ್ನ ಕೈಲಾಗಲ್ಲ, ನಿಂಗೊತ್ತಲ್ಲ."

ಮನೆಯಾಕೆ ಡಬ್ಬಿಯ ಅನ್ನವನ್ನು ಬಿಸಿ ಹಾಲಿನಲ್ಲಿ ಕಲಸಿ ಕೊಟ್ಟಳು. ಮೇಸ್ತ್ರಿಯವರು ಚಕ್ಕಳಮಕ್ಕಳ ಹಾಕಿ ಕೂತು, ತುತ್ತನ್ನು ಡಾಕ್ಟರಮ್ಮ ಹೇಳಿದ ಹಾಗೆ ಜಾಗ್ರತೆಯಾಗಿ ಎಡಗಡೆಗೆ ತಳ್ಳಿ, ಎಲುಬಿನ ಮಹಿಮೆಯನ್ನು ವರ್ಣಿಸುತ್ತ ಜೋರಾಗಿ ಅಗಿದರು. "ಮರ ಸತ್ತಿದೆ ಕಣೇ, ಎಲುಬು ಬದು..."

ಕಟಕ್.

ಮೇಸ್ತ್ರಿಯವರು ಎರಡು ಬೆರಳು ಬಾಯಿಗೆ ಹಾಕಿ ಒಂದನ್ನು ತೆಗೆದರು. ಮತ್ತೆ ಹಾಕಿ ಇನ್ನೊಂದನ್ನು ತೆಗೆದರು. ಅಂಗೈಯಲ್ಲಿ ಎರಡೂ ಅಕ್ಕಪಕ್ಕ ಕೂತವು. ಒಂದು, ಕಡಲೆಬೇಳೆಯಷ್ಟು ಪುಟ್ಟ ಟೈಟಾನಿಯಂ ಮುಚ್ಚಳ. ಇನ್ನೊಂದು, ಎಡಗಡೆಯ ಕೋರೆಹಲ್ಲಿನ ಪಕ್ಕದ ಹಲ್ಲಿನ ಮುಕ್ಕಾಲು ಭಾಗ.

ಮನೆಯಾಕೆ ಬಗ್ಗಿ ನೋಡಿದಳು. "ಅಯ್ಯೋ ನಿಮ್ಮ! ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗೆ, ಡಬ್ಬಿ ಎದೆಗವಚಿಕೊಂಡು ಓಡಾಡಿದಿರಲ್ರೀ!"

ಮೇಸ್ತ್ರಿಯವರಿಗೆ ಅವಳ ಮಾತು ಕೇಳಿಸಲಿಲ್ಲ. ಮುಚ್ಚಳವನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ಐವತ್ತು ವರ್ಷ ಕಬ್ಬು, ಕಾಯಿ, ಮೊಳೆ ಎಲ್ಲವನ್ನೂ ಕಡಿದ ಹಲ್ಲು ಪುಡಿಯಾಗಿದೆ, ಇದರ ಮೈಮೇಲೆ ಒಂದು ಗೀರೂ ಇಲ್ಲ! "ನೋಡೇ" ಎಂದರು ಭಕ್ತಿಯಿಂದ, "ಎಳೆ ಒಂದೂ ಮಾಸಿಲ್ಲ. ಎಂಥ ಕೆಲಸ!"

ಆಮೇಲೆ ನೋವು ಬಂತು. ಫೋನು ಹಚ್ಚಿದರು.

"ಡಾಕ್ಟರಮ್ಮ, ಮುಚ್ಚಳ ಸಿಕ್ತು."

"ಸಂತೋಷ! ಎಲ್ಲಿತ್ತು?"

ಮೇಸ್ತ್ರಿಯವರು ಹೇಳಿದರು. "ನಾಳೆ ಹತ್ತಕ್ಕೆ ಬನ್ನಿ" ಎಂದರು ಡಾಕ್ಟರಮ್ಮ. "ಬೇರು ಉಳಿಯತ್ತಾ ನೋಡೋಣ. ಉಳಿಯದೇ ಹೋದ್ರೆ, ಅಲ್ಲಿಗೂ ಒಂದು ಸ್ಕ್ರೂ."

"ಅಲ್ಲೀವರೆಗೆ ಯಾವ ಕಡೆ ಅಗೀಲಮ್ಮ?"

ಮನೆಯಾಕೆಗೆ ಇನ್ನು ತಡೆಯಲಾಗಲಿಲ್ಲ, ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕಿಸಕ್ಕೆಂದಳು. ಅವಳನ್ನು ನೋಡಿ ಮೇಸ್ತ್ರಿಯವರಿಗೂ ಹೊಟ್ಟೆಯಾಳದಿಂದ ನಗು ಉಕ್ಕಿತು. ಬಲಗೈ ತಾನಾಗಿ ಎದ್ದಿತು, ಬಲಗಡೆ ಹೋಯಿತು, ಎಡಗಡೆ ಬಂತು, ಯಾವ ಕಡೆ ಮುಚ್ಚುವುದೆಂದು ತಿಳಿಯದೆ ನಡುವೆ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಎರಡು ವರ್ಷದಿಂದ ಒಳಗೆ ಕೂತಿದ್ದ ನಗು ಎರಡೂ ಕಿಂಡಿಯಿಂದ ಹೊರಗೆ ನುಗ್ಗಿತು. ಬೀದಿಯ ಕೊನೆಯಲ್ಲಿ ಟೈಲರ್ ಅಂಗಡಿಯ ಗಾಜು ಅದುರಿತು.

ನಗು ನಿಂತಾಗ ಮೇಸ್ತ್ರಿಯವರ ಮುಖ ಮತ್ತೆ ಗಂಭೀರವಾಯಿತು. ಬಾಯಿ ಮುಚ್ಚಿ, ಕಿವಿಗೊಟ್ಟು ಆಲಿಸುವವರ ಹಾಗೆ ಕೂತರು.

"ಮತ್ತೇನಾಯ್ತ್ರೀ?" ಎಂದಳು ಮನೆಯಾಕೆ.

"ನಾಲಿಗೆ" ಎಂದರು ಮೇಸ್ತ್ರಿಯವರು ಹೆದರಿಕೆಯಿಂದ. "ಹೊಸ ಮುಚ್ಚಳದ ಹತ್ರ ಹೋಗಿ ನಿಂತಿದೆ ಕಣೇ."